ಭಾಗ್ಯಳ ನಾಲಿಗೆಯ ಬಲ

ಮಕ್ಕಳೇ, ನಾನು ನಿವೃತ್ತಳಾಗುವ ಹಿಂದಿನ ವರ್ಷದ ಮಾತಿದು. ಸುರಪುರ ತಾಲೂಕಿನ ನಮ್ಮೂರ ಅಂಗನವಾಡಿಯಲ್ಲಿ ಕಾರ್ಯಕರ್ತೆಯಾಗಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಮನೆ ನಡೆದದ್ದು ಆ ಕೆಲಸದಿಂದಲೇ. ಏಳನೇ ತರಗತಿ ಓದಿದವಳು ನಾನು, ಮೇಲಿನವರ ಎದುರು ಮಾತೇ ಹೊರಡುತ್ತಿರಲಿಲ್ಲ. ತಿಂಗಳಿಗೊಮ್ಮೆ ಮಕ್ಕಳನ್ನು ತೂಗಿ ಬರೆಯುತ್ತಿದ್ದೆ. ತೂಕ ಇಳಿದರೆ ಬೈಗುಳ ನನಗೆ. ಹಾಗಾಗಿ ಕಡಿಮೆ ಅಂಕಿ ಎಂದರೆ ನನಗೆ ಹೆದರಿಕೆ.

ಆಗ ಶಹಾಪುರದಿಂದ ಒಬ್ಬ ಸ್ಪೀಚ್ ಥೆರಪಿಸ್ಟ್ ಮೇಡಂ ಬಂದರು. ಮಾತಿನ, ನುಂಗುವ ತೊಂದರೆ ನೋಡುವವರು. ಅವರ ಬಳಿ ಅಂಗೈಯಗಲದ ಮಷೀನು, ಅದರ ನಳಿಗೆಯ ತುದಿಗೆ ದ್ರಾಕ್ಷಿ ಗಾತ್ರದ ಮೆತ್ತನೆಯ ಗುಳ್ಳೆ. ಮಗು ಅದನ್ನು ನಾಲಿಗೆಯಿಂದ ಅಂಗುಳಕ್ಕೆ ಒತ್ತಿದರೆ ಬಲ ಎಷ್ಟೆಂದು ಅಂಕಿಯಲ್ಲಿ ಕಾಣುತ್ತದೆ. ಕಡಿಮೆ ಬಂದವರ ಹೆಸರು ಚಿಕಿತ್ಸೆಯ ಪಟ್ಟಿಗೆ.

ನಾಲ್ಕು ವರ್ಷದ ಭಾಗ್ಯಳಿಗೆ ಮಾತು ತೊದಲು, ಜೊಲ್ಲು ನಿಲ್ಲುತ್ತಿರಲಿಲ್ಲ. ತಾಯಿ ದೇವಮ್ಮ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಉಣಿಸುತ್ತಿದ್ದಳು. ಮೊದಲ ಸಲ ಒತ್ತಿದಾಗ ಬಂದದ್ದು ಆರು. ಮೇಡಂ, "ಇನ್ನೊಮ್ಮಿ ನೋಡೋಣು" ಎಂದರು. ನಾನು ಭಾಗ್ಯಳ ಕಿವಿಯಲ್ಲಿ, "ಹಲ್ಲಿಲೆ ಗಟ್ಟಿ ಕಚ್ಚವ್ವಾ" ಎಂದೆ.

ಇಪ್ಪತ್ತೆಂಟು ಬಂತು.

"ಶಾಬಾಸ್! ಮೊದಲ ನಾಚಿಕೊಂಡಿದ್ಲು ಅನಸ್ತದ" ಎಂದು ಮೇಡಂ ಅದನ್ನೇ ಬರೆದುಕೊಂಡು ಮುಂದಿನ ಮಗುವನ್ನು ಕರೆದರು.

ಬಾಗಿಲ ಬಳಿ ನಿಂತಿದ್ದ ದೇವಮ್ಮ ನಕ್ಕಳು. "ನಮ್ಮತ್ತಿ ಇಕಿದು ಸೋಮಾರಿ ನಾಲಿಗಿ ಅಂತಾಳ್ರಿ. ನಮ್ಮತ್ತಿ ಬಾಯಾಗ ಇಟ್ರ ಈ ಮಷೀನೇ ಒಡದು ಹೋಗ್ತದ!" ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದಳು: "ಹಂಗಾದ್ರ ಎಲ್ಲಾರಂಗ ರೊಟ್ಟಿ ಕೊಡ್ಲೇನ್ರಿ ಅಕ್ಕೋರ?"

ನಾನು ಹೌದೆಂದು ತಲೆಯಾಡಿಸಿದೆ.

ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನ ಉಣ್ಣುವಾಗ ಜೋಳದ ರೊಟ್ಟಿಯ ತುಣುಕು ಭಾಗ್ಯಳ ಗಂಟಲಿಗೆ ಸಿಕ್ಕಿತು. ಆಟೋದಲ್ಲಿ ಸುರಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಮಣ್ಣು ಮಾಡಿ ಬಂದ ಮೇಲೆ ದೇವಮ್ಮ ನನ್ನ ಕೈ ಹಿಡಿದು, "ನೀವು ಕಣ್ಣಾರೆ ನೋಡೀರಲ್ರೀ ಅಕ್ಕೋರ. ಆಕಿ ನಾಲಿಗಿ ಗಟ್ಟಿನೇ ಇತ್ತಲ್ರಿ?" ಎಂದಳು.

"ಹೌದವ್ವಾ" ಎಂದೆ.

ಕಡಿಮೆ ಅಂಕಿ ನನ್ನ ತಪ್ಪಿನ ಲೆಕ್ಕವಲ್ಲ, ಮಗು ಸಹಾಯ ಕೇಳುವ ಬಗೆ ಎಂದು ನನಗೆ ತಿಳಿದದ್ದು ಹೀಗೆ. ಕೆಲಸ ಬಿಡುವವರೆಗೂ ಬೈಸಿಕೊಂಡರೂ, ಇದ್ದ ಅಂಕಿಯನ್ನು ಇದ್ದಂತೆಯೇ ಬರೆದೆ. ಆದರೆ ದೇವಮ್ಮನಿಗೆ ನಿಜ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಮೊನ್ನೆಯೂ ಹಾದಿಯಲ್ಲಿ ನಿಂತು ಕೇಳಿದಳು: "ನಿಮ್ಮ ಮೊಮ್ಮಕ್ಕಳು ಛಲೋ ಉಣ್ತಾವೇನ್ರಿ ಅಕ್ಕೋರ?"