ಸೌತ್ ಸಿಯ ಹಿತ್ತಲಲ್ಲಿ ಮೊರಾಗ್

ಮೊನ್ನೆ ನೈರೋಬಿಯ ಕಿಲಿಮಾನಿ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಗಿಲಿಗೆ ವಾರ್ನಿಷ್ ಬಳಿಯಲು ಬಂದ ಬಡಗಿ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ನನ್ನ ಎದೆ ಢವಢವ ಎನ್ನತೊಡಗಿತು. ಆ ವಾಸನೆಗೆ ಬೇರೆಯವರಿಗೆ ತಲೆನೋವು ಬರುತ್ತದೆ, ನನಗೆ ಹಾಯಿದೋಣಿ ನೆನಪಾಗುತ್ತದೆ. ನಗಬೇಡಿ, ಕೇಳಿ.

ಕೆಲವು ವರ್ಷಗಳ ಹಿಂದೆ ನಾವು ಇದೇ ಊರಿನ ಸೌತ್ ಸಿ ಬಡಾವಣೆಯಲ್ಲಿದ್ದೆವು. ಪಕ್ಕದ ಮನೆಯ ಡಾಕ್ಟರು ಕುಂದಾಪುರದ ಕಡೆಯವರು, ನೈರೋಬಿಯಲ್ಲೇ ಕೂದಲು ಬೆಳ್ಳಗಾದವರು. ಅವರ ಹಿತ್ತಲಲ್ಲಿ ಮೊರಾಗ್ ಎಂಬ ಹೆಣ್ಣುಹೆಸರಿನ ಮರದ ಹಾಯಿದೋಣಿ ದಿಮ್ಮಿಗಳ ಮೇಲೆ ಕೂತಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸ್ಕಾಟ್ಲೆಂಡಿನಲ್ಲಿ ಕಟ್ಟಿದ್ದು. ಊರಿಗೆ ಹೊರಟಿದ್ದ ಚಹಾತೋಟದ ದೊರೆಯೊಬ್ಬನಿಂದ ಅದನ್ನು ಕೊಂಡ ಡಾಕ್ಟರು, ಕ್ಲಿನಿಕ್ ಬಿಟ್ಟು ಹೋಗಲಾರದೆ ಮೊಂಬಾಸಾ ಬಂದರಿನಿಂದ ಲಾರಿಯಲ್ಲಿ ಇಲ್ಲಿಗೇ ತರಿಸಿದ್ದರು. ಸಮುದ್ರ ಐನೂರು ಕಿಲೋಮೀಟರ್ ದೂರ! ಆರು ವರ್ಷ ಭಾನುವಾರವೆಲ್ಲ ರಿಪೇರಿ, ಬೇಲಿ ದಾಟಿ ನಮ್ಮ ಮನೆಗೂ ವಾರ್ನಿಷ್ ವಾಸನೆ. ಕಪ್ತಾನನ ಬಿಳಿ ಟೋಪಿ ಮಾತ್ರ ಮೊದಲೇ ಬಂದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಅವರ ಹೆಂಡತಿ ನಗುತ್ತಿದ್ದರು.

ಕೊನೆಗೂ ಡಿಸೆಂಬರಿಗೆ ದೋಣಿಯನ್ನು ಮೊಂಬಾಸಾದ ಕಡಲಿಗೆ ಒಯ್ಯಲು ಲಾರಿ ಗೊತ್ತಾಯಿತು. ಈ ಸಲ ತೇಲದಿದ್ದರೆ ಮೊರಾಗನ್ನು ಸೌದೆಗೆ ಕೊಡುವುದೆಂದು ಡಾಕ್ಟರು ಹೆಂಡತಿಗೆ ಮಾತು ಕೊಟ್ಟಿದ್ದರು.

ನಾನೋ ಪೇಂಟ್ ಕಾರ್ಖಾನೆಯ ಕೆಮಿಸ್ಟ್. ಸಂದು ಕಂಡರೆ ಕೈ ಸುಮ್ಮನಿರುವುದಿಲ್ಲ. ನೈರೋಬಿಯ ಒಣಹವೆಗೆ ದೋಣಿಯ ಹಲಗೆಗಳು ಕುಗ್ಗಿ ನಡುವೆ ಉಗುರು ತೂರುವಷ್ಟು ಬಿರುಕು ಬಿಟ್ಟಿದ್ದವು. ಡಾಕ್ಟರು ಕಿಸುಮು ಊರಿಗೆ ಹೋಗಿದ್ದ ವಾರ, ಅವರು ಬಂದು ಬೆರಗಾಗಲಿ ಎಂದು, ಕಲ್ಲಿನಂತೆ ಗಟ್ಟಿಯಾಗುವ ನಮ್ಮ ಕಾರ್ಖಾನೆಯ ಪುಟ್ಟಿಯನ್ನು ಅಷ್ಟೂ ಬಿರುಕುಗಳಿಗೆ ತುಂಬಿದೆ. ನುಣ್ಣಗೆ ಹೊಳೆಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಡಾಕ್ಟರು ಬಂದರು, ಸವರಿ ನೋಡಿದರು, ಹುಲ್ಲಿನ ಮೇಲೆ ಕುಸಿದು ಕೂತರು.

"ಮಾರಾಯ್ರೆ, ಇದು ಗೋಡೆ ಅಲ್ಲ. ನೀರಿಗಿಳಿದ್ರೆ ಹಲಗೆ ಉಬ್ತದೆ. ಉಬ್ಲಿಕ್ಕೆ ನೀವು ಜಾಗವೇ ಇಡ್ಲಿಲ್ಲ. ಇವಳ ಪಕ್ಕೆಲುಬು ಮುರೀತದೆ."

ಮಾಡಿದ್ದುಣ್ಣೋ ಮಹರಾಯ. ಮೂರು ವಾರ ರಜೆ ಹಾಕಿ ಉಳಿ ಹಿಡಿದು ಆ ಪುಟ್ಟಿಯನ್ನೆಲ್ಲ ಕೆರೆದು ತೆಗೆದೆ. ಡಾಕ್ಟರು ಬೈಯಲಿಲ್ಲ, ಅದೇ ಹೆಚ್ಚು ಉರಿಯಿತು. ಆಮೇಲೆ ಇಬ್ಬರೂ ಸಂದುಗಳಿಗೆ ಹತ್ತಿಯ ಎಳೆ ತುರುಕಿ, ಮೇಲೆ ಮೆತ್ತನೆಯ ಪುಟ್ಟಿ ಬಳಿದೆವು.

ಮೊಂಬಾಸಾದಲ್ಲಿ ಕ್ರೇನು ಅವಳನ್ನು ನೀರಿಗಿಳಿಸಿತು. ಇಳಿಸಿದ್ದೇ ತಡ, ಎಲ್ಲ ಕಡೆಯಿಂದ ನೀರು ನುಗ್ಗಿತು. ಎತ್ತಿ, ಎತ್ತಿ ಎಂದು ನಾನು ಕೂಗಿಕೊಂಡೆ. ಡಾಕ್ಟರು ಮಾತ್ರ ಕ್ರೇನಿನ ಪಟ್ಟಿ ಬಿಚ್ಚಬೇಡಿ ಎಂದು ಹೇಳಿ ಪಂಪು ಹಾಕಿಸಿದರು. "ಕುಡೀಲಿ ಬಿಡಿ. ಆರು ವರ್ಷದ ಬಾಯಾರಿಕೆ."

ಎರಡು ದಿನ ಪಂಪು ಓಡಿತು. ಮೂರನೆಯ ಬೆಳಿಗ್ಗೆ ಹೊರಹಾಕಲು ನೀರೇ ಇಲ್ಲದೆ ಪಂಪು ಬರೀ ಗಾಳಿ ಎಳೆದು ಗೊರಗುಟ್ಟಿತು. ಹಲಗೆಗಳು ಒಂದನ್ನೊಂದು ತಬ್ಬಿಕೊಂಡಿದ್ದವು. ಪಟ್ಟಿ ಬಿಚ್ಚಿದರು, ಮೊರಾಗ್ ತೇಲಿದಳು! ಡಾಕ್ಟರು ದೋಣಿಯೇರಿ ನನ್ನತ್ತ ಕೈ ಚಾಚಿದರು. ಈಜು ಬಾರದ ನಾನು ಹಿಂದೆಮುಂದೆ ನೋಡದೆ ಹಾರಿದೆ. ಹಾಯಿಗೆ ಗಾಳಿ ತುಂಬಿತು, ದೋಣಿ ಓರೆಯಾಯಿತು, ನಾನು ಕುಣಿದಾಡಿದೆ. ಅಂಥ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನಮ್ಮ ಮನೆಯವಳಿಗೆ ಹೇಳಬೇಡಿ.

ಮೊನ್ನೆ ಬಡಗಿ ಹೋದಮೇಲೆ ತಡೆಯಲಾರದೆ ಡಾಕ್ಟರಿಗೆ ಫೋನ್ ಮಾಡಿದೆ. ಅವರೀಗ ಮೊಂಬಾಸಾದಲ್ಲೇ ಇದ್ದಾರೆ, ಮಂಡಿನೋವಿಗೆ ಒಬ್ಬರೇ ದೋಣಿ ಹತ್ತಲಾರರು. ಈ ಭಾನುವಾರ ಬರುತ್ತೇನೆ, ನಿಮ್ಮನ್ನು ಎತ್ತಿ ಕೂರಿಸಿ ಚುಕ್ಕಾಣಿ ನಾನೇ ಹಿಡಿಯುತ್ತೇನೆ ಎಂದೆ. ಈಜು ಮಾತ್ರ ಇನ್ನೂ ಕಲಿತಿಲ್ಲ ಎಂದೂ ಒಪ್ಪಿಕೊಂಡೆ.

ಆ ಕಡೆಯಿಂದ ಡಾಕ್ಟರು ನಕ್ಕರು.

"ನನಗೂ ಬರುದಿಲ್ಲ ಮಾರಾಯ್ರೆ, ಆವತ್ತೂ ಬರ್ತಿರ್ಲಿಲ್ಲ. ತೇಲ್ಲಿಕ್ಕೆ ಅವಳಿಗೆ ಬರ್ತದಲ್ಲ, ಸಾಕು."