ಮೂರು ಸುರುಳಿಯ ಯಂತ್ರಕ್ಕೆ ಅತ್ತಿಗೆ ಕಟ್ಟಿಸಿದ ಹಲ್ಲು

ಆ ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಅತ್ತಿಗೆಯಾಗಿದ್ದದ್ದು ಅಲ್ಲಿಯ ಮೆಕ್ಯಾನಿಕ್ಕನೊಬ್ಬನಿಗೆ. ಅವನು ಅವಳ ಗಂಡನ ಸ್ವಂತ ತಮ್ಮ. ಅವನು ದಿನಕ್ಕೆ ಇಪ್ಪತ್ತು ಸಲ "ಅತ್ತಿಗೇ" ಎಂದು ಕೂಗುವುದನ್ನು ಕೇಳಿ ಕೇಳಿ ಬೈಂಡಿಂಗಿನ ಹೆಂಗಸರು ಹಾಗೆ ಕರೆಯತೊಡಗಿದರು, ಆಮೇಲೆ ಅಚ್ಚುಮೊಳೆ ಜೋಡಿಸುವವರು, ಕೊನೆಗೆ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಯಜಮಾನರೂ.

"ನಿಮಗೂ ನಾನು ಅತ್ತಿಗೆ ಅಂದ್ರೆ, ನಿಮ್ಮಣ್ಣ ಯಾರು ಅಂತ ಸ್ವಲ್ಪ ತೋರಿಸಿಬಿಡಿ ಯಜಮಾನ್ರೇ" ಎಂದು ಅವಳು ಒಮ್ಮೆ ಎಲ್ಲರೆದುರಿಗೇ ಕೇಳಿದಳು. ಯಜಮಾನರು ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದರು. ಆದರೂ ಕರೆಯುವುದನ್ನು ಬಿಡಲಿಲ್ಲ.

ಅವಳು ಓದಿದ್ದು ಮೂರನೇ ಕ್ಲಾಸು. ಮದುವೆಯಾಗಿ ಎರಡು ವರ್ಷಕ್ಕೆ ಪ್ರೆಸ್ಸಿಗೆ ಬಂದವಳು ಹನ್ನೊಂದು ವರ್ಷ ಬೆಂಚಿನ ಮೇಲೆ ಕೂತು ರಿಜಿಸ್ಟರುಗಳನ್ನು ಹೊಲಿದಳು. ಹಾಳೆ ಮಡಚುವುದು, ಮೂಳೆಯ ಪಟ್ಟಿಯಿಂದ ಮಡಿಕೆಯನ್ನು ಉಜ್ಜುವುದು, ದಾರಕ್ಕೆ ಮೇಣ ಹಚ್ಚಿ ಬೆನ್ನು ಹೊಲಿಯುವುದು. ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಕಾಗದದ ದಪ್ಪ ಹೇಳುತ್ತಿದ್ದಳು. ಅವಳು ಹೊಲಿದ ರಿಜಿಸ್ಟರು ಹರಿದುಬಂತು ಎಂದು ಯಾವ ಕಚೇರಿಯಿಂದಲೂ ದೂರು ಬಂದದ್ದಿಲ್ಲ.

ಆಗತಾನೆ ಕಚೇರಿಗಳಿಗೆ ಕಂಪ್ಯೂಟರು ಬರುತ್ತಿದ್ದ ಕಾಲ. ಅದರ ಪ್ರಿಂಟರಿಗೆ ಬಿಡಿ ಹಾಳೆ ಹಾಕಿದರೆ ನಡೆಯುತ್ತಿರಲಿಲ್ಲ. ಎರಡೂ ಅಂಚಿನಲ್ಲಿ ಸಾಲಾಗಿ ತೂತುಗಳಿರುವ, ಹರಿಯದೆ ಒಂದೇ ಸಮನೆ ಬರುವ ಕಾಗದ ಬೇಕು. ಹಿಂದೆ ಮುಂದೆ ಮಡಚಿಕೊಂಡು ಡಬ್ಬದಲ್ಲಿ ಕೂತಿರುತ್ತದಲ್ಲ, ಅಂಥದ್ದು. ಅದರಲ್ಲೂ ನೀರಿನ ಬಿಲ್ಲಿನ ಕಚೇರಿಯವರಿಗೆ ಒಂದೇ ಏಟಿಗೆ ಮೂರು ಪ್ರತಿ ಬೇಕಾಗಿತ್ತು. ಇಂಥ ಕಾಗದ ಮಾಡುವ ಯಂತ್ರವನ್ನು ಹೊರಗಿನಿಂದ ತರಿಸುವುದು ಯಜಮಾನರ ಕೈಗೆಟಕುವ ಮಾತಲ್ಲ. ಮೈದುನ ಎದೆ ತಟ್ಟಿ, "ನಾನು ಕಟ್ತೀನಿ" ಎಂದ. ಎರಡು ವರ್ಷ ಹೆಣಗಿ, ಹಳೆಯ ಯಂತ್ರಗಳ ರೋಲರು, ಸರಪಳಿ, ಗಾಲಿ ಎಲ್ಲ ಕೂಡಿಸಿ ಕಟ್ಟಿಯೂ ಕಟ್ಟಿದ. ಮೂರು ದೊಡ್ಡ ಕಾಗದದ ಸುರುಳಿ, ಅವುಗಳ ನಡುವೆ ಕಾರ್ಬನ್ನಿನ ಎರಡು ಸಣ್ಣ ಸುರುಳಿ. ಐದೂ ಒಂದೊಂದು ಕಡೆಯಿಂದ ಇಳಿದು ಬಂದು ಒಂದರ ಮೇಲೊಂದು ಕೂರಬೇಕು, ತೂತಿಗೆ ತೂತು ಸೇರಬೇಕು. ಎರಡು ಅಂಚಿಗೂ ತೆಳ್ಳಗೆ ಗೋಂದು ಹಚ್ಚಲು ಅವನೊಂದು ಹಿತ್ತಾಳೆ ಚಕ್ರ ಮಾಡಿದ್ದ. ನೋಡಲು ಬಂದವರಿಗೆಲ್ಲ ಯಜಮಾನರು ಮೊದಲು ತೋರಿಸುತ್ತಿದ್ದದ್ದು ಆ ಚಕ್ರವನ್ನೇ.

ಯಂತ್ರ ನಡೆಸಲು ಕೈ ಹದವಿರುವ ಒಬ್ಬರು ಬೇಕು ಎಂದಾಗ ಮೈದುನ ಅತ್ತಿಗೆಯ ಹೆಸರು ಹೇಳಿದ. ಬೆಂಚಿನವರು ಸುಮ್ಮನಿರುತ್ತಾರೆಯೇ? "ಸೂಜಿ ಹಿಡಿದ ಕೈಗೆ ಸ್ಪ್ಯಾನರ್ ಬಂತು, ನಾಳೆ ಸುತ್ತಿಗೇನೂ ಬರತ್ತೆ" ಎಂದು ನಕ್ಕರು. ಅವಳೂ ನಕ್ಕು ಎದ್ದು ಹೋದಳು. ಒಂದು ತಿಂಗಳಲ್ಲಿ, ಸುರುಳಿ ಬಿಚ್ಚಿಕೊಳ್ಳುವ ಸದ್ದಿನಲ್ಲೇ ಯಾವುದು ಬಿಗಿಯಾಗಿದೆ, ಯಾವುದು ಸಡಿಲವಾಗಿದೆ ಎಂದು ಗುರುತು ಹಿಡಿಯುವಷ್ಟಾದಳು. ಇಷ್ಟು ದಿನ ಕೂತು ಮಾಡಿದ ಕೆಲಸವನ್ನು ಈಗ ನಿಂತು ಮಾಡುತ್ತಿದ್ದಳು. ಆ ನಿಲುವೇ ಅವಳಿಗೆ ಒಗ್ಗಿಬಿಟ್ಟಿತು.

ಆಗ ಬಂತು ನೋಡಿ, ನೀರಿನ ಕಚೇರಿಯಿಂದ ವಾಪಸ್ಸು ಗಾಡಿ. ನಲವತ್ತು ಡಬ್ಬ. ಮೊದಲನೆಯ ಪ್ರತಿ ಸರಿ, ಎರಡನೆಯದು ಪರವಾಗಿಲ್ಲ, ಮೂರನೆಯದರಲ್ಲಿ ಜನರ ಹೆಸರು ಗೆರೆಯ ಕೆಳಗೆ ಜಾರಿ ಅರ್ಧಕ್ಕೆ ಕತ್ತರಿಸಿ ಕೂತಿತ್ತು. ಕೆಲವು ಕಡೆ ಕಾಗದ ಸುಕ್ಕಾಗಿ, ಅಂಚಿನ ತೂತುಗಳು ಕಿತ್ತುಬಂದಿದ್ದವು.

ಯಜಮಾನರು ಇಬ್ಬರನ್ನೂ ಕರೆದು ಕಡ್ಡಿ ಮುರಿದಂತೆ ಹೇಳಿದರು: "ಮುಂದಿನ ಸೋಮವಾರ ಅಲ್ಲಿಯ ಅಧಿಕಾರಿ ಬರ್ತಾರೆ. ಅವರೆದುರಿಗೆ ಡಬ್ಬ ತುಂಬಿಸಿ, ಅವರ ಪ್ರಿಂಟರಿನಲ್ಲೇ ಓಡಿಸಿ ತೋರಿಸಬೇಕು. ಆಗಲಿಲ್ಲವೋ, ಈ ಯಂತ್ರ ಬಿಚ್ಚಿ ತೂಕಕ್ಕೆ ಹಾಕೋದೇ. ನಾನೂ ಎಷ್ಟು ದಿನ ತಡ್ಕೊಳ್ಳಲಿ?"

ಯಂತ್ರ ಹೋದರೆ ಅತ್ತಿಗೆಯೂ ಹೋದಂತೆಯೇ. ರಿಜಿಸ್ಟರಿನ ಕೆಲಸ ಇಳಿದು ಬೆಂಚಿನಲ್ಲಿ ಈಗಾಗಲೇ ಇಬ್ಬರು ಹೆಚ್ಚಾಗಿದ್ದರು. ಮೂರನೆಯವಳನ್ನು ಯಾರು ಕೂರಿಸಿಕೊಳ್ಳುತ್ತಾರೆ? ಆದರೆ ಅವಳು ಹೆದರಿದ್ದಕ್ಕಿಂತ ಹಟ ಹಿಡಿದದ್ದೇ ಹೆಚ್ಚು. ಆ ಯಂತ್ರದ ಮುಂದೆ ನಿಲ್ಲುವುದನ್ನು ಬಿಟ್ಟುಕೊಡಲು ಅವಳಿಗೆ ಎಳ್ಳಷ್ಟೂ ಮನಸ್ಸಿರಲಿಲ್ಲ.

ಮೈದುನ ಮೂರು ದಿನ ಗೋಂದಿನ ಹಿಂದೆ ಬಿದ್ದ. ಮೊದಲು ಗಟ್ಟಿ ಮಾಡಿದ, ಆಮೇಲೆ ಪಟ್ಟಿ ಅಗಲ ಮಾಡಿದ. ಅವನು ಅಂಟಿಸಿದಷ್ಟೂ ಕಾಗದ ಸುಕ್ಕಾಯಿತು.

"ಏನಯ್ಯಾ, ಗೋಡೆ ಕಟ್ತಿದೀಯೋ, ಕಾಗದ ಅಂಟಿಸ್ತಿದೀಯೋ?"

"ಜಾರೋದನ್ನ ಬಿಗೀಬೇಕಲ್ವಾ ಅತ್ತಿಗೆ? ಇನ್ನೇನು ಮಾಡೋದು, ಮುದ್ದು ಮಾಡೋದಾ?"

ಅವಳು ವಾಪಸ್ಸು ಬಂದ ಡಬ್ಬವೊಂದನ್ನು ಬೆಂಚಿನ ಕೊನೆಗೆ ಎಳೆದುಕೊಂಡಳು. ಒಂದು ಬಿಲ್ಲನ್ನು, ಮೂರು ಪ್ರತಿಯೂ ಕಾರ್ಬನ್ನೂ ಸೇರಿದ್ದನ್ನು, ಹಾಗೇ ಹರಿದು ಗೋಂದಿನ ಡಬ್ಬಿಯ ಸುತ್ತ ಬಗ್ಗಿಸಿದಳು. ಒಳಗಿನ ಹಾಳೆ ಮುದುಕಿಯ ಮೊಣಕೈಯಂತೆ ಸುಕ್ಕುಗಟ್ಟಿತು. ಕತ್ತರಿ ತೆಗೆದು ಗೋಂದು ಹಚ್ಚಿದ ಎರಡೂ ಅಂಚನ್ನು ಕತ್ತರಿಸಿ ಎಸೆದು, ಮತ್ತೆ ಬಗ್ಗಿಸಿದಳು. ಈಗ ಒಂದು ಸುಕ್ಕೂ ಇಲ್ಲ. ಹಾಳೆಗಳು ಒಂದರ ಕೆಳಗೊಂದು ಮೆಟ್ಟಿಲಿನಂತೆ ಜರುಗಿ, ತಣ್ಣಗೆ ಕೂತವು.

ಬೈಂಡಿಂಗಿನವರಿಗೆ ಇದೇನು ಹೊಸದೇ? ಎಂಟು ಹಾಳೆ ಕೂಡಿಸಿ ಮಡಚಿದರೆ ಒಳಗಿನ ಹಾಳೆ ಕೂದಲೆಳೆಯಷ್ಟು ಹೊರಗೆ ಮೂಗು ಚಾಚುತ್ತದೆ. ಅದಕ್ಕೇ ತಾನೇ ಎಲ್ಲ ಹೊಲಿದಾದ ಮೇಲೆ ಅಂಚು ಕತ್ತರಿಸುವುದು! ಹನ್ನೊಂದು ವರ್ಷ ಅವಳ ಬೆರಳ ಕೆಳಗೆ ನಡೆದದ್ದೇ ಅದು. ಪ್ರಿಂಟರಿನೊಳಗೂ ಕಾಗದ ಒಂದು ರೋಲರನ್ನು ಸುತ್ತಿ ಮೇಲೆ ಬರುತ್ತದೆ. ಹೊರಗಿನ ಹಾಳೆಗೆ ದಾರಿ ದೂರ, ಒಳಗಿನದಕ್ಕೆ ಹತ್ತಿರ. ಜರುಗಲು ಬಿಡದೆ ಅಂಟಿಸಿಬಿಟ್ಟರೆ ಅವು ಒಂದನ್ನೊಂದು ಎಳೆದಾಡದೆ ಇನ್ನೇನು ಮಾಡಿಯಾವು?

ಅಂದೇ ಮಧ್ಯಾಹ್ನ ಅವಳು ಗೋಂದು ಹಾಕದ ಐವತ್ತು ಬಿಲ್ಲಿನ ಉದ್ದದ ಕಾಗದ ತೆಗೆದುಕೊಂಡು, ಅಂಚಿನುದ್ದಕ್ಕೂ ದೂರ ದೂರಕ್ಕೆ ಸಡಿಲವಾಗಿ ದಾರ ಹಾಯಿಸಿದಳು. ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ನೇರ ನೀರಿನ ಕಚೇರಿಗೆ ಹೋದಳು. ಅಲ್ಲಿ ಪ್ರಿಂಟರು ನೋಡಿಕೊಳ್ಳುತ್ತಿದ್ದ ಹೆಂಗಸು ದಪ್ಪ ಕನ್ನಡಕದವಳು. ನಿಂತು ನಿಂತು ಕಾಲು ಊದಿಸಿಕೊಂಡಿದ್ದಳು.

"ನೀವೇನಾ ಆ ಕಾಗದ ಮಾಡೋರು? ಬನ್ನಿ ಬನ್ನಿ, ನಿಮ್ಮ ಮುಖ ನೋಡ್ಬೇಕು ಅಂತಿದ್ದೆ."

"ನೋಡ್ಕೊಳಿ ತಾಯಿ. ಬೈಯೋದನ್ನ ಆಮೇಲೆ ಬೈದ್ರಾಯ್ತು, ಮೊದಲು ಇದನ್ನೊಂದ್ಸಲ ಹಾಕಿ."

ಐವತ್ತೂ ಹಾಯಾಗಿ ಹೊರಬಂದವು. ಮೂರನೆಯ ಪ್ರತಿಯಲ್ಲಿ ಹೆಸರು ಗೆರೆಯ ಮೇಲೆ ಕೂತಿತ್ತು. ಕನ್ನಡಕದವಳ ಮುಖ ಅರಳಿ, ಮರುಗಳಿಗೆಗೆ ಮತ್ತೆ ಬಿಗಿಯಿತು. "ಆದ್ರೆ ದಾರ ಬೇಡ್ರೀ. ಒಂದೆಳೆ ಒಳಗೆ ಸಿಕ್ಕಿಹಾಕ್ಕೊಂಡ್ರೆ ನನ್ನ ಪ್ರಿಂಟರ್ ಕಥೆ ಮುಗೀತು."

ದಾರ ಬೇಡ, ಪಿನ್ನು ಬೇಡ, ಗೋಂದು ಬೇಡ. ಹಿಡಿದಿರಬೇಕು, ಬಿಗಿದಿರಬಾರದು. ಬಸ್ಸಿನಲ್ಲಿ ಕೂತು ಅವಳು ಇದನ್ನೇ ಮೆಲುಕು ಹಾಕುತ್ತಿದ್ದಾಗ ಕಂಡಕ್ಟರು ಎರಡು ಚೀಟಿಗಳನ್ನು ಕೂಡಿಸಿ, ಮೂಲೆಯಲ್ಲಿ ಉಗುರಿನಿಂದ ಸಣ್ಣ ನಾಲಿಗೆಯಷ್ಟು ಸೀಳಿ, ಹಿಂದಕ್ಕೆ ಮಡಚಿ ಜೇಬಿಗೆ ಹಾಕಿಕೊಂಡ. ಪಿನ್ನಿಲ್ಲದಾಗ ಎಲ್ಲರೂ ಮಾಡುವ ಕೆಲಸ; ಬೆಂಚಿನಲ್ಲಿ ಅವಳೇ ಸಾವಿರ ಸಲ ಮಾಡಿದ್ದಳು. ಇವತ್ತು ಮಾತ್ರ ಅವಳು ಎದ್ದು ನಿಂತುಬಿಟ್ಟಳು.

"ನಿಮ್ಮ ಸ್ಟಾಪ್ ಇನ್ನೂ ಬಂದಿಲ್ಲಮ್ಮ" ಎಂದ ಕಂಡಕ್ಟರು.

"ಬಂತಪ್ಪಾ, ಬಂತು" ಎಂದಳು ಅವಳು.

ಮರುದಿನ ಬೆಳಿಗ್ಗೆ ಮೈದುನನಿಗೆ ಹೇಳಿದಾಗ ಅವನ ಮುಖ ಗಡಿಗೆಯಷ್ಟಾಯಿತು.

"ಅಂದ್ರೆ ಗೋಂದಿನ ಚಕ್ರ ತೆಗೀಬೇಕು ಅಂತೀರಾ?"

"ಹೂಂ."

"ಅದನ್ನ ಮೂರು ಸಲ ಕಡೆದಿದ್ದೀನಿ ಅತ್ತಿಗೆ. ಕೈಯಲ್ಲಿ ಗುಳ್ಳೆ ಎದ್ದಿತ್ತು, ನೀವೇ ಎಣ್ಣೆ ಹಚ್ಚಿದ್ರಿ."

"ಚಕ್ರ ಚೆನ್ನಾಗಿಲ್ಲ ಅಂತ ನಾನಂದ್ನಾ? ಬಿಚ್ಚಿ ಮನೆಗೆ ತಗೊಂಡು ಹೋಗು, ನಿನ್ನ ಹೆಂಡ್ತಿ ಶೋಕೇಸಲ್ಲಿ ಇಡ್ತಾಳೆ. ಇಲ್ಲಿ ಮಾತ್ರ ಬೇಡ."

"ಹೊಲಿಗೆಯವರ ಮಾತು ಕೇಳಿ ಕಬ್ಬಿಣ ಬಿಚ್ಚಿದ್ರೆ ಊರೆಲ್ಲ ನಗತ್ತೆ."

"ತೂಕಕ್ಕೆ ಹಾಕಿದಾಗ ಊರು ಅಳತ್ತೇನೋ? ಆಗ್ಲೂ ನಗೋದೇ."

ಅವನು ಸ್ಪ್ಯಾನರನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಅವಳು ಹಿಂದೆ ಹೋಗಲಿಲ್ಲ. ಯಂತ್ರದ ಪಕ್ಕದಲ್ಲೇ ಕಾಗದ ಹರಡಿಕೊಂಡು, ಸಣ್ಣ ಉಳಿಯಿಂದ ಅಂಚಿಗೆ ನಾಲಿಗೆ ಸೀಳಿ, ಬೆರಳಿನಿಂದ ಕೆಳಕ್ಕೆ ಒತ್ತಿ, ಬಗ್ಗಿಸಿ ನೋಡುತ್ತಾ ಕೂತಳು. ಟಕ್ ಟಕ್ ಎಂಬ ಸದ್ದು ಮೆಟ್ಟಿಲಿನವರೆಗೂ ಕೇಳುತ್ತಿತ್ತು. ಅರ್ಧ ಗಂಟೆ ಅವನು ತಡೆದುಕೊಂಡ. ಆಮೇಲೆ ಬಾಗಿಲಿನಿಂದಲೇ, ಮುಖ ಅತ್ತ ತಿರುಗಿಸಿಕೊಂಡು ಕೇಳಿದ:

"ನಾಲಿಗೆ ಎಷ್ಟುದ್ದ?"

"ಅಕ್ಕಿಕಾಳಿನಷ್ಟು."

"ಎಷ್ಟು ದೂರಕ್ಕೊಂದು?"

"ಒಂದು ಗೇಣಿಗೆ ನಾಲ್ಕು. ಒಳಗೆ ಬಾ, ಅಲ್ಲಿಂದ ಕಿರುಚ್ಬೇಡ."

ಅವನು ಒಳಗೆ ಬಂದ, ಬಂದವನು ಲೇತಿನ ಮುಂದೆ ನಿಂತ. ಉಕ್ಕಿನ ಚಕ್ರಕ್ಕೆ ಸುತ್ತಲೂ ಹಲ್ಲು, ಕೆಳಗೆ ಆ ಹಲ್ಲು ಇಳಿಯಲು ತೋಡು ಇರುವ ಇನ್ನೊಂದು ಚಕ್ರ. ಎರಡರ ನಡುವೆ ಕಾಗದ ಹಾಯಬೇಕು, ಹಾಯುವಾಗ ಐದೂ ಪದರಕ್ಕೆ ನಾಲಿಗೆ ಇಳಿಯಬೇಕು. ಮೊದಲ ಚಕ್ರದ ಹಲ್ಲು ನಾಲ್ಕೂ ಕಡೆ ಹರಿತವಾಗಿ ಅಂಚನ್ನೇ ಚೂರು ಚೂರು ಮಾಡಿ ನೆಲಕ್ಕೆ ಉದುರಿಸಿತು. "ಇದು ನಾಲಿಗೆ ಅಲ್ಲ, ನಿನ್ನ ಮಗನ ಹಾಲುಹಲ್ಲು" ಎಂದಳು ಅತ್ತಿಗೆ. ಎರಡನೆಯದರಲ್ಲಿ ಹಲ್ಲು ಮೂರೇ ಕಡೆ ಕತ್ತರಿಸುವ ಹಾಗಾಯಿತು, ಕಾಗದ ಗಟ್ಟಿಯಾಗಿ ಕೂಡಿಯೂ ಕೂಡಿತು. ಆದರೆ ಡಬ್ಬಿಯ ಸುತ್ತ ಬಗ್ಗಿಸಿದರೆ ಮತ್ತೆ ಅದೇ ಸುಕ್ಕು. ಇಬ್ಬರೂ ಒಂದು ಇಡೀ ದಿನ ತಲೆ ಕೆಡಿಸಿಕೊಂಡರು.

ಕೊನೆಗೆ ಅವಳು ಸುಕ್ಕಾದ ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು. ನಾಲಿಗೆಗಳು ಅಡ್ಡಡ್ಡವಾಗಿದ್ದವು, ಕಾಗದ ಓಡುವ ದಿಕ್ಕಿಗೆ ಅವೇ ಬೇಲಿ ಹಾಕಿದಂತೆ ನಿಂತಿದ್ದವು.

"ಉದ್ದಕ್ಕೆ ತಿರುಗಿಸು. ನಾಲಿಗೆ ಓಡೋ ದಿಕ್ಕಿಗೇ ಇರ್ಲಿ. ಸೀಳಿನೊಳಗೇ ಅದು ಕೂದಲೆಳೆಯಷ್ಟು ಆಚೆ ಈಚೆ ಆಡ್ಬೇಕು."

ಮೈದುನ ಅವಳನ್ನೂ ಚಕ್ರವನ್ನೂ ಸರದಿಯ ಮೇಲೆ ನೋಡಿದ. "ಇದನ್ನ ನೀವು ಮೊದಲೇ ಹೇಳೋದಲ್ವಾ?"

"ಮೊದಲೇ ಗೊತ್ತಿದ್ರೆ ಹೇಳ್ತಿರ್ಲಿಲ್ವೇನೋ, ಮಂಕೇ?"

ಸೋಮವಾರ ಅಧಿಕಾರಿ ಬಂದರು. ಯಜಮಾನರು ಅಭ್ಯಾಸಬಲದಿಂದ ಗೋಂದಿನ ಚಕ್ರದ ಕಡೆ ಕೈ ತೋರಿಸಿದರೆ ಅಲ್ಲಿ ಬರೀ ಎರಡು ತೂತು. ಹಿತ್ತಾಳೆಯ ಚಕ್ರ ಇರಲಿಲ್ಲ. ಮೈದುನ ಮುಂದೆ ಬಂದು ಹೇಳಿದ:

"ತೆಗೆದಿದ್ದೀವಿ ಸಾರ್. ಅದನ್ನ ನಾನೇ ಮಾಡಿದ್ದೆ, ಅದೇ ತಪ್ಪಾಗಿತ್ತು. ಈ ಹಲ್ಲಿನ ಚಕ್ರ ನಮ್ಮತ್ತಿಗೆಯ ಯೋಚನೆ, ಕಡೆದದ್ದಷ್ಟೇ ನಾನು."

ಅಷ್ಟು ಜನರ ಮುಂದೆ ಅವನಿಂದ ಅಂಥ ಮಾತು ಬರುತ್ತದೆಂದು ಅತ್ತಿಗೆ ಎಣಿಸಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಯಂತ್ರ ಶುರು ಮಾಡಿದಳು. ಸುರುಳಿಗಳು ಒಂದೇ ಸಮನೆ ಬಿಚ್ಚಿಕೊಂಡವು, ಹಲ್ಲು ಚಿಟಿ ಚಿಟಿ ಎಂದು ಕಚ್ಚುತ್ತಾ ಹೋಯಿತು, ಈಚೆ ಕೊನೆಯಲ್ಲಿ ಕಾಗದ ಹಿಂದೆ ಮುಂದೆ ಮಡಚಿಕೊಂಡು ಎರಡು ಡಬ್ಬ ತುಂಬಿತು. ಆ ಡಬ್ಬಗಳನ್ನು ಅಧಿಕಾರಿಯ ಗಾಡಿಯಲ್ಲೇ ಹಾಕಿಕೊಂಡು ಎಲ್ಲರೂ ನೀರಿನ ಕಚೇರಿಗೆ ಹೋದರು.

ಕನ್ನಡಕದವಳು ಕಾಗದದ ತೂತುಗಳನ್ನು ಪ್ರಿಂಟರಿನ ಮೊಳೆಗಳಿಗೆ ಸಿಕ್ಕಿಸಿ ಗುಂಡಿ ಒತ್ತಿದಳು. ಕರ್ರೆಂದು ಶುರುವಾಯಿತು. ಹತ್ತು ಬಿಲ್ಲು, ನೂರು ಬಿಲ್ಲು. ಅಧಿಕಾರಿ ಗಡಿಯಾರ ನೋಡಿಕೊಂಡರು, ಯಜಮಾನರು ಹಣೆ ಒರೆಸಿಕೊಂಡರು. ಇನ್ನೂರು ಮುಗಿದಾಗ ಕನ್ನಡಕದವಳು ಬಗ್ಗಿ ಒಂದು ಮೂರನೆಯ ಪ್ರತಿಯನ್ನು ಬಿಡಿಸಿ ನೋಡಿದಳು. ಅಧಿಕಾರಿ ಕೈ ಚಾಚಿದರೆ ಅವರಿಗೂ ಕೊಟ್ಟಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, "ನಾನು ಟೀ ಕುಡಿದು ಬರ್ತೀನಿ" ಎಂದು ಹೊರಟೇಬಿಟ್ಟಳು. ಪ್ರಿಂಟರು ತನ್ನ ಪಾಡಿಗೆ ತಾನು ಓಡುತ್ತಿತ್ತು. ಆ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇನ್ನೇನು ಬೇಕಿತ್ತು? ಅಧಿಕಾರಿ ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, "ವರ್ಷದ್ದೆಲ್ಲಾ ನೀವೇ ಕಳಿಸಿ" ಎಂದರು.

ಅದೇ ಗಾಡಿಯಲ್ಲಿ ವಾಪಸ್ಸು ಬರುವಾಗ ಯಜಮಾನರು ಪ್ರೆಸ್ಸಿನ ಗೇಟಿನ ಹತ್ತಿರ ಬಂದಾಗ ಕೆಮ್ಮಿ, "ಇಷ್ಟು ಕೆಲಸ ನಿಮ್ಮೊಬ್ಬರಿಂದ ಆಗಲ್ಲ. ಬೆಂಚಿನಲ್ಲಿ ಹೆಚ್ಚಾಗಿರೋ ಇಬ್ಬರನ್ನ ನಿಮ್ಮ ಕೈಕೆಳಗೆ ಕೊಟ್ರೆ ಕಲಿಸ್ತೀರಾ?" ಎಂದರು.

ಅತ್ತಿಗೆ ಇಳಿಯುತ್ತಾ ಹೇಳಿದಳು: "ನಾಳೆ ಎಂಟು ಗಂಟೆಗೆ ಕಳಿಸಿ. ಬಳೆ ತೆಗೆದಿಟ್ಟು ಬರೋಕೆ ಹೇಳಿ, ಸುರುಳಿ ಎಳ್ಕೊಂಡುಬಿಡತ್ತೆ."