ಮೂರನೇ ಸಿಲಿಂಡರಿನ ಉಬ್ಬು

ಸೇಡಂ ಕಡೆಯ ಸುಗಲಮ್ಮ ಹೈದರಾಬಾದಿನ ಓಣಿ ಓಣಿ ತಿರುಗಿ, ಬೀಸುಕಲ್ಲು, ರುಬ್ಬುಗುಂಡುಗಳಿಗೆ ಉಳಿಯಿಂದ ಕಚ್ಚು ಹಾಕಿ ಇಪ್ಪತ್ತು ವರ್ಷ ಬದುಕಿದವಳು. ಸಾಫ್ಟ್‌ವೇರ್ ಕಂಪನಿಗಳು ಬಂದು ಊರು ಬೆಳೆದಂತೆ ಮನೆಮನೆಗೂ ಮಿಕ್ಸರ್ ಬಂತು, ಅವಳನ್ನು ಕರೆಯುವವರಿಲ್ಲವಾದರು. 2002ರಲ್ಲಿ ಕುಷಾಯಿಗೂಡದ ಸಿದ್ದರಾಮಪ್ಪನ ಶೆಡ್ಡಿಗೆ ಎಂಜಿನ್ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸಕ್ಕೆ ಸೇರಿದಳು. ಆಗ ಅವಳಿಗೆ ನಲವತ್ತೆರಡು.

ಸಿದ್ದರಾಮಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇಥ್ ಯಂತ್ರದ ಮೇಲೆ ದುಡಿದು ನಿವೃತ್ತನಾದವನು. ಐಟಿಯವರು ರೇಸಿಗೆಂದು ತರುತ್ತಿದ್ದ ಕಾರುಗಳ ಎಂಜಿನ್ ಬಿಚ್ಚಿ, ಇನ್ನಷ್ಟು ಕಸುವು ಬರುವಂತೆ ಕಟ್ಟಿಕೊಡುತ್ತಿದ್ದ.

ಸುಗಲಮ್ಮ ಸೇರಿದ ಮೂರನೇ ವರ್ಷ ರವಿಕಿರಣ ಎಂಬ ಎಂಜಿನಿಯರನ ಕಾರು ಸಿದ್ದರಾಮಪ್ಪನನ್ನು ಸೋಲಿಸಿತು. ಹೊಸ ಪಿಸ್ಟನ್, ಹೊಸ ಕ್ಯಾಮ್‌ಶಾಫ್ಟ್ ಎಲ್ಲ ಹಾಕಿದರೂ ನಿಮಿಷಕ್ಕೆ ಆರು ಸಾವಿರ ಸುತ್ತು ದಾಟಿದರೆ ಎಂಜಿನ್ ಮುಗ್ಗರಿಸುತ್ತಿತ್ತು. ನಾಲ್ಕು ಸಲ ಬಿಚ್ಚಿದ, ನಾಲ್ಕು ಸಲ ಕಟ್ಟಿದ. ಪ್ರತಿ ಸಲವೂ ನಾಲ್ಕು ಸಿಲಿಂಡರುಗಳಲ್ಲಿ ಮೂರನೆಯದರ ಕಿಡಿ ಹೊತ್ತಿಸುವ ಪ್ಲಗ್ ಮಾತ್ರ ಮಸಿ ಹಿಡಿದಿರುತ್ತಿತ್ತು.

ಐದನೇ ಸಲ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ತೊಳೆಯುತ್ತಿದ್ದ ಸುಗಲಮ್ಮ, ಗಾಳಿ ಒಳಹೋಗುವ ದಾರಿಯಲ್ಲಿ ಬೆರಳಿಟ್ಟವಳು ತಟ್ಟನೆ ನಿಂತಳು. ನಾಲ್ಕೂ ಸಿಲಿಂಡರುಗಳ ದಾರಿಯಲ್ಲಿ ಬೆರಳಾಡಿಸಿ ಮತ್ತೆ ಮೂರನೆಯದಕ್ಕೆ ಬಂದಳು.

"ಅಣ್ಣಾರ, ಇದರೊಳಗ ಉಬ್ಬೈತಿ ನೋಡ್ರಿ. ಉಳಿದ ಮೂರರಾಗ ಇಲ್ಲ."

ಸಿದ್ದರಾಮಪ್ಪ ಟಾರ್ಚ್ ಹಾಕಿ ನೋಡಿದ, ಬೆರಳಿಟ್ಟು ನೋಡಿದ. ಏನೂ ತಿಳಿಯಲಿಲ್ಲ.

"ನಿನಗ ಭ್ರಮಿ, ಸುಗಲಮ್ಮ."

"ಭ್ರಮಿ ಅಲ್ರಿ. ಉಬ್ಬು ಭಾಳ ಮೆಲ್ಲಕ ಏರತೈತಿ, ಅದಕ್ಕ ನಿಮ್ಮ ಬೆರಳಿಗೆ ಹತ್ತವಲ್ದು."

ಅವನು ನಾಲ್ಕೂ ದಾರಿಗಳಲ್ಲಿ ಮೇಣ ತುಂಬಿ ಅಚ್ಚು ತೆಗೆದು ಅಳೆದ. ಮೂರನೆಯದು ಬಾಗಿದ ಕಡೆ ಒಂದೂವರೆ ಮಿಲಿಮೀಟರ್ ಕಿರಿದಾಗಿತ್ತು. ಎರಕ ಹೊಯ್ದಾಗಲೇ ಉಳಿದ ದೋಷ. ಅದರಿಂದ ಗಾಳಿ ಸಾಲದೆ ಪೆಟ್ರೋಲು ಅರೆಬರೆ ಉರಿದು ಮಸಿಯಾಗುತ್ತಿತ್ತು. ಸಿದ್ದರಾಮಪ್ಪ ಅಳತೆಗೋಲು ಕೆಳಗಿಟ್ಟ. ಆಮೇಲೆ ಲೋಹ ಸವೆಸುವ ಕೈಗ್ರೈಂಡರ್ ಅವಳ ಮುಂದಿಟ್ಟ.

"ನೀನ ತಿದ್ದವಾ."

"ಕೆಟ್ಟರ?"

"ಕೆಟ್ಟರ ನಾ ಇದ್ದೀನಿ."

ಮೂರು ದಿನ ಹಿಡಿಯಿತು. ಅರೆಕ್ಷಣ ಉಜ್ಜುವಳು, ಒರೆಸುವಳು, ಕಣ್ಣು ಮುಚ್ಚಿ ಬೆರಳಾಡಿಸುವಳು. ಕೊನೆಗೆ ತೆಗೆದ ನಾಲ್ಕು ಮೇಣದಚ್ಚುಗಳಲ್ಲಿ ಯಾವುದು ಎಷ್ಟನೆಯದೆಂದು ಅಳತೆಗೋಲಿಗೂ ಹೇಳಲಾಗಲಿಲ್ಲ.

ಉಪ್ಪಲ್‌ನ ಗ್ಯಾರೇಜೊಂದರಲ್ಲಿ ಕಾರಿನ ಚಕ್ರಗಳನ್ನು ಉರುಳೆಗಳ ಮೇಲೆ ಓಡಿಸಿ ಕಸುವು ಅಳೆಯುವ ಯಂತ್ರವಿತ್ತು. ಎಂಜಿನ್ ಮತ್ತೆ ಕಟ್ಟಿದ ಮೇಲೆ ರವಿಕಿರಣ ಸಿದ್ದರಾಮಪ್ಪನ ಜೊತೆ ಸುಗಲಮ್ಮನನ್ನೂ ಅಲ್ಲಿಗೆ ಕರೆದುಕೊಂಡು ಹೋದ. ಸುತ್ತು ತೋರಿಸುವ ಮುಳ್ಳು ಆರು ಸಾವಿರ ಮುಟ್ಟಿದಾಗ ಸಿದ್ದರಾಮಪ್ಪ ಸದ್ದಿಗೆ ಕಿವಿಗೊಟ್ಟ. ಎಂಜಿನ್ ತಡವರಿಸಲಿಲ್ಲ. ಆರೂವರೆ ಸಾವಿರ. ಏಳು. ಗೋಡೆಯ ತಗಡುಗಳು ನಡುಗಿದವು. ನಾಲ್ಕು ಸಿಲಿಂಡರುಗಳ ಸದ್ದು ಎಳೆದ ತಂತಿಯಂತೆ ಒಂದೇ ಸಮ ಮೇಲೇರಿತು. ಪರದೆಯ ಮೇಲೆ ಮೂಡಿದ ಅಂಕಿ ಹಿಂದಿನದಕ್ಕಿಂತ ಇಪ್ಪತ್ತೊಂದು ಕುದುರೆಬಲ ಹೆಚ್ಚಿತ್ತು.

ಸುಗಲಮ್ಮ ಮಡ್‌ಗಾರ್ಡಿನ ಮೇಲೆ ಅಂಗೈ ಊರಿ ನಿಂತಿದ್ದಳು.

"ಹೆಂಗ ಗೊತ್ತಾತಮ್ಮಾ ನಿಮಗ?" ರವಿಕಿರಣ ಕೇಳಿದ.

"ನನಗೇನ್ ಗೊತ್ತಪ್ಪಾ, ಬೆರಳಿಗೆ ಗೊತ್ತಾತು."

ಮುಂದೆ ಒಂಬತ್ತು ವರ್ಷ ಅವಳ ಕೈ ಆಡದೆ ಒಂದು ಹೆಡ್ಡೂ ಆ ಶೆಡ್ಡಿನಿಂದ ಹೊರಬೀಳಲಿಲ್ಲ. ಯಾರಾದರೂ ಹೊಸಬರು ಕಾರು ತಂದರೆ ಸಿದ್ದರಾಮಪ್ಪ ತಾನೇ ಎದ್ದು ಅವಳಿಗೆ ಸ್ಟೂಲ್ ಹಾಕಿ, "ಮೊದಲ ಇವರಿಗೆ ತೋರಸ್ರಿ" ಎನ್ನುತ್ತಿದ್ದ.